ಉಟ್ಟ ಸೀರೆಯ ಬೆಲೆ

ಹಳೆಯ ಪುಸ್ತಕವನ್ನು ಕೊಂಡವನಿಗೆ ನಮ್ಮಲ್ಲಿ ವಿದ್ವಾಂಸನೆಂಬ ಹೆಸರು ಬರುತ್ತದೆ. ಹಳೆಯ ಸೀರೆಯನ್ನು ಕೊಂಡವಳಿಗೆ ಬಡವಿಯೆಂಬ ಹೆಸರು. ಬೆಂಗಳೂರಿನ ಅವೆನ್ಯೂ ರಸ್ತೆಯ ಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಧೂಳು ಕೊಡವಿ, ಯಾರದೋ ರುಜುವಿರುವ ಕಾವ್ಯಸಂಪುಟವನ್ನು ಅರ್ಧ ಬೆಲೆಗೆ ತಂದ ಅಧ್ಯಾಪಕ ಮಿತ್ರರು ಅದನ್ನು ವಿಭಾಗದ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡುತ್ತಾರೆ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಚಿಕ್ಕಪೇಟೆ. ಅಲ್ಲಿಯ ಗಲ್ಲಿಯೊಂದರಲ್ಲಿ ಹಳೆಯ ರೇಷ್ಮೆ ಸೀರೆಯ ಅಂಗಡಿಯನ್ನು ಹೊಗುವವರು ಮಾತ್ರ ಪರಿಚಯದವರು ಯಾರಾದರೂ ಕಂಡಾರೆಂದು ಹಿಂದೆ ಮುಂದೆ ನೋಡಿಕೊಂಡು ಕಾಲಿಡುತ್ತಾರೆ. ಎರಡೂ ಇನ್ನೊಬ್ಬರ ಕೈ ಹಾದು ಬಂದ ವಸ್ತುಗಳೇ. ಒಂದಕ್ಕೆ ಅಷ್ಟು ಗೌರವ, ಮತ್ತೊಂದಕ್ಕೆ ಇಷ್ಟು ಸಂಕೋಚ ಏತಕ್ಕೆಂಬುದು ನನಗೆ ಬಹುದಿನಗಳ ಕುತೂಹಲ.

ಈ ಅಂಗಡಿಗಳ ಫಲಕದ ಮೇಲೆ 'ಹಳೆಯ ರೇಷ್ಮೆ ಸೀರೆಗಳನ್ನು ಕೊಳ್ಳಲಾಗುವುದು' ಎಂದು ಬರೆದಿರುತ್ತದೆ. ವಾಚಕರು ಈ ವಾಕ್ಯವನ್ನು ನಂಬಬಾರದು. ಅಲ್ಲಿ ಬಹುಮಟ್ಟಿಗೆ ಕೊಳ್ಳುವುದು ಸೀರೆಯನ್ನಲ್ಲ, ಜರಿಯನ್ನು. ಅಸಲು ಜರಿಯೆಂದರೆ ಬೆಳ್ಳಿಯನ್ನು ಕೂದಲಿಗಿಂತ ಸಣ್ಣ ತಂತಿಯಾಗಿ ಎಳೆದು, ಚಪ್ಪಟೆ ಮಾಡಿ, ರೇಷ್ಮೆಯ ಎಳೆಗೆ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ತನ್ನ ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ನೂರಕ್ಕೆ 65ರಷ್ಟು ಬೆಳ್ಳಿಯೂ 0.65ರಷ್ಟು ಚಿನ್ನವೂ ಇರುವುದೆಂದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ಹೇಳುತ್ತದೆ. ಚಿನ್ನ ಹೆಸರಿಗೆ, ಬೆಳ್ಳಿ ತೂಕಕ್ಕೆ. ಅಂಗಡಿಯಾತ ಸೀರೆಯ ಅಂಚನ್ನೂ ಸೆರಗನ್ನೂ ಕತ್ತರಿಸಿ ಬೇರೆ ಮಾಡುತ್ತಾನೆ. ಅದನ್ನು ಸುಟ್ಟರೆ ರೇಷ್ಮೆ ಬೂದಿಯಾಗಿ ಹೋಗಿ, ಉಳಿದದ್ದು ಮೂಸೆಯಲ್ಲಿ ಕರಗಿ ಗಟ್ಟಿಯಾಗುತ್ತದೆ. ಒಂದು ಸೀರೆಯಲ್ಲಿ ನೂರು ಗ್ರಾಂ ಒಳ್ಳೆಯ ಜರಿಯಿದ್ದು, ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿಯೆಂದು ಇಟ್ಟುಕೊಂಡರೆ, ಮೂಸೆಯಿಂದ ಬರುವುದು ಆರೂವರೆ ಸಾವಿರ ರೂಪಾಯಿಯ ಬೆಳ್ಳಿ. ಬೆಳ್ಳಿ ಆ ಲಕ್ಷದ ಗೆರೆಯನ್ನು ಈಗಾಗಲೇ ದಾಟಿದೆಯಷ್ಟೆ. ಬೆಳ್ಳಿಯ ಬೆಲೆ ಏರಿದಷ್ಟೂ ಹಳೆಯ ಸೀರೆಗೆ ಆಯುಸ್ಸು ಕಡಿಮೆ.

ಆರೂವರೆ ಸಾವಿರಕ್ಕಾಗಿ ಸುಟ್ಟುಹೋಗುವುದೇನು? ಕಾಂಚೀಪುರದ ಕೊರ್ವೈ ಸೀರೆಯನ್ನೇ ನೋಡಿ. ಒಡಲಿಗೊಂದು ಬಣ್ಣ, ಎರಡು ಅಂಚುಗಳಿಗೆ ಇನ್ನೊಂದು ಬಣ್ಣ. ಮೂರು ಲಾಳಿಗಳು ಬೇಕು. ಮಗ್ಗದ ಮುಂದೆ ನೇಕಾರನ ಜೊತೆಗೆ ಇನ್ನೊಬ್ಬರು ಕುಳಿತಿರಬೇಕು. ಒಡಲಿನ ನೂಲೂ ಅಂಚಿನ ನೂಲೂ ಪ್ರತಿಯೊಂದು ಎಳೆಯಲ್ಲಿಯೂ ಒಂದನ್ನೊಂದು ತೆಕ್ಕೆ ಹಾಕಿಕೊಳ್ಳಬೇಕು. ನಮ್ಮ ಇಳಕಲ್ಲಿನಲ್ಲಾದರೆ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಕೆಂಪು ಸೆರಗಿನಲ್ಲಿ ಬಿಳಿಯದಾಗಿ ಮೂಡುವ ಜೋಳದ ತೆನೆಗೆ ತೋಪು ತೆನೆಯೆಂದೂ, ಬಾಚಣಿಗೆಯ ಹಲ್ಲಿನಂಥದಕ್ಕೆ ಹಣಿಗೆಯೆಂದೂ, ಕೋಟೆಯ ತೆನೆಯಂಥದಕ್ಕೆ ಕೋಟಿ ಕಮ್ಮಲಿಯೆಂದೂ ಹೆಸರು. 'ಹಾಸುಹೊಕ್ಕು' ಎಂಬ ಮಾತು ಮಗ್ಗದಿಂದ ಬಂದುದೆಂದು ನಾನು ತರಗತಿಯಲ್ಲಿ ಹೇಳಿದಾಗ ಹುಡುಗರು ಬೆರಗಾಗುತ್ತಾರೆ. ಉದ್ದಕ್ಕೆ ಹಾಸಿದ ನೂಲು ಹಾಸು, ಅಡ್ಡಲಾಗಿ ಹೊಕ್ಕದ್ದು ಹೊಕ್ಕು. ಜೇಡರ ದಾಸಿಮಯ್ಯನ ಕಸುಬಿನ ಮಾತು. ಮಾತು ಉಳಿದುಕೊಂಡಿದೆ, ಬಟ್ಟೆ ಮೂಸೆಗೆ ಹೋಗುತ್ತಿದೆ.

ಇನ್ನೊಬ್ಬರು ಉಟ್ಟದ್ದನ್ನು ಉಡುವುದೆ ಎಂದು ಕೇಳುವವರಿದ್ದಾರೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲದಿಲ್ಲ. ಹುಟ್ಟಿದ ಮಗುವನ್ನು ನಾವು ಮೊದಲು ಮಲಗಿಸುವುದೇ ಹಳೆಯ ಸೀರೆಯ ತುಂಡಿನ ಮೇಲೆ. ಹೊಸ ಬಟ್ಟೆ ಎಳೆಯ ಮೈಗೆ ಒರಟು. ಉತ್ತರ ಕರ್ನಾಟಕದ ಕೌದಿಯಲ್ಲಿ ಅಜ್ಜಿ, ಅತ್ತೆ, ಚಿಕ್ಕಮ್ಮ ಎಲ್ಲರ ಸೀರೆಗಳೂ ಸೇರಿ ಮನೆಮಂದಿಯನ್ನು ಬೆಚ್ಚಗಿಡುತ್ತವೆ. ಅಮ್ಮನ ಧಾರೆ ಸೀರೆಯನ್ನು ಮಗಳು ಉಟ್ಟರೆ ಎಲ್ಲರ ಕಣ್ಣಿನಲ್ಲೂ ನೀರು. ಅಂದಮೇಲೆ ನಮ್ಮ ಅಂಜಿಕೆ ಹಳತನದ್ದಲ್ಲ, ಪರಕೀಯತೆಯದು. ಮಡಿಯ ಮಾತೆತ್ತಿದರೂ ಪಟ್ಟೆಗೆ ನಮ್ಮ ಹಿರಿಯರೇ ವಿನಾಯಿತಿ ಕೊಟ್ಟಿದ್ದರು. ಹತ್ತಿಯ ಬಟ್ಟೆಯನ್ನು ದಿನವೂ ಒಗೆದು ಹಿಂಡಬೇಕು. ಪಟ್ಟೆಯ ಮಡಿಗೆ ಆ ನಿರ್ಬಂಧವಿರಲಿಲ್ಲ. ಅತ್ಯಂತ ಕಟ್ಟುನಿಟ್ಟಿನವರೂ ಸೈರಿಸಿಕೊಂಡದ್ದನ್ನು ಮಡಿಯೇ ಇಲ್ಲದ ನಾವು ಸೈರಿಸಲಾರೆವೆನ್ನುವುದು ವಿನೋದ.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ನಾನು ಹೇಳುವುದಿಲ್ಲ. ಹಳೆಯ ಸೀರೆಯನ್ನು ಕೊಳ್ಳುವುದು ಹಸ್ತಪ್ರತಿಯನ್ನು ಓದಿದಂತೆ. ಎಲ್ಲಿ ತುಂಡಾಗಿದೆ, ಎಲ್ಲಿ ಬೇರೊಬ್ಬರ ಕೈ ಆಡಿದೆ ಎಂಬುದನ್ನು ಕಾಣಬೇಕು. ಮೊದಲು ಸೀರೆಯನ್ನು ಪೂರ್ತಿ ಬಿಡಿಸಿ ಹಗಲು ಬೆಳಕಿಗೆ ಹಿಡಿಯಬೇಕು. ಅಂಗಡಿಯ ದೀಪಕ್ಕೆ ಎಲ್ಲ ಸೀರೆಗಳೂ ಸುಂದರಿಯರೇ. ಬೀರುವಿನಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಬಿದ್ದಿದ್ದ ಸೀರೆಯಾದರೆ ಮಡಿಕೆಯ ಗೆರೆಯ ಉದ್ದಕ್ಕೂ ಸೂಜಿಮೊನೆಯಂಥ ತೂತುಗಳು ಕಾಣುತ್ತವೆ. ಒಂದೆರಡಾದರೆ ರಫೂ ಮಾಡಿಸಬಹುದು. ಗೆರೆಯೇ ತೆಳುವಾಗಿದ್ದರೆ ಮೊದಲ ಸಲ ನೆರಿಗೆ ಹಿಡಿಯುವಾಗಲೇ ಪಿಸಿಯುತ್ತದೆ. ಎರಡು ಕೈಗಳ ಹೆಬ್ಬೆರಳುಗಳ ನಡುವೆ ಬಟ್ಟೆಯನ್ನು ಮೆಲ್ಲನೆ ಎಳೆದು ನೋಡಿದರೆ ಇದು ತಿಳಿಯುತ್ತದೆ. ಬಳಿಕ ಪಾದದ ಬಳಿಯ ಅಂಚು. ಕಾಲುಂಗುರ, ಚಪ್ಪಲಿ, ನೆಲ ಮೂರೂ ಸೇರಿ ಅಲ್ಲಿ ಎಳೆಗಳನ್ನು ತಿಂದಿರುತ್ತವೆ. ಫಾಲ್ ಹಚ್ಚಿದ್ದರೆ ಒಂದಿಷ್ಟು ಬಿಚ್ಚಿಸಿಯೇ ನೋಡಬೇಕು. ತೋಳಿನ ಕೆಳಗೆ ಬೀಳುವ ಭಾಗದ ಬೆವರಿನ ಕಲೆ ಹೋಗುವುದಿಲ್ಲವೆಂದೇ ತಿಳಿದುಕೊಳ್ಳಿ. ಆ ಕಲೆ ಬಣ್ಣವನ್ನಷ್ಟೇ ಅಲ್ಲ, ರೇಷ್ಮೆಯ ಬಲವನ್ನೂ ತಿನ್ನುತ್ತದೆ.

ಜರಿಯ ಪರೀಕ್ಷೆ ಇನ್ನೂ ಸೂಕ್ಷ್ಮ. ಅಂಚಿನ ಒಳಬದಿಯಲ್ಲಿ ಒಂದು ಎಳೆಯನ್ನು ಉಗುರಿನಿಂದ ಕೆರೆದರೆ, ಅಸಲು ಜರಿಯಲ್ಲಿ ಸಾಮಾನ್ಯವಾಗಿ ಕೆಂಪು ಇಲ್ಲವೇ ಹಳದಿ ರೇಷ್ಮೆ ಒಳಗಿನಿಂದ ಇಣುಕುತ್ತದೆ. ಪ್ಲಾಸ್ಟಿಕ್ಕಿನ ಹಾಳೆಯಿಂದ ಮಾಡಿದ ಜರಿಯಾದರೆ ಸಿಪ್ಪೆಯಂತೆ ಸುಲಿಯುತ್ತದೆ. ತಾಮ್ರದ್ದಾದರೆ ಕೆಂಪು ಲೋಹ ಕಾಣುತ್ತದೆ. ಇದೇ ಅಂತಿಮವಲ್ಲ, ನಕಲು ಮಾಡುವವನಿಗೂ ಕೆಂಪು ಬಣ್ಣ ಸಿಗುತ್ತದಷ್ಟೆ. ಒರೆಗಲ್ಲಿನ ಮೇಲೆ ಉಜ್ಜಿ ನೋಡುವ ಅಂಗಡಿಯಾತನ ಮಾತನ್ನೂ ಕೇಳಬೇಕು. ಕೆಲವರು ಜರಿ ಕಪ್ಪಾಗಿದೆಯೆಂದು ಸೀರೆಯನ್ನು ಬದಿಗಿಡುತ್ತಾರೆ. ಅವಸರ ಬೇಡ. ಬೆಳ್ಳಿ ಕಪ್ಪಾಗುವುದು ಅದರ ಸ್ವಭಾವ. ನಲವತ್ತು ವರ್ಷ ಕಳೆದರೂ ಗಾಜಿನಂತೆ ಥಳಥಳಿಸುವ ಜರಿಯನ್ನೇ ನಾನು ಹೆಚ್ಚು ಅನುಮಾನಿಸುತ್ತೇನೆ.

ಮೈಸೂರು ರೇಷ್ಮೆಯ ವಿಷಯವಾಗಿ ಎರಡು ಮಾತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ಮಗ್ಗಗಳನ್ನು ತರಿಸಿ ಮೈಸೂರಿನಲ್ಲಿ ಆರಂಭಿಸಿದ ಕಾರ್ಖಾನೆ 1980ರಲ್ಲಿ ನಿಗಮದ ವಶಕ್ಕೆ ಬಂತು. ಇಲ್ಲಿಯ ಕ್ರೇಪ್ ಸೀರೆ ಕಾಂಚೀಪುರದ್ದರಂತೆ ನಿಂತುಕೊಳ್ಳುವುದಿಲ್ಲ, ಮೈಮೇಲೆ ಹರಿಯುತ್ತದೆ. ನೂಲನ್ನು ಬಲವಾಗಿ ಹುರಿಗೊಳಿಸಿ ನೇಯ್ದುದರಿಂದ ಬಂದ ಗುಣವದು. ಮೂವತ್ತು ವರ್ಷ ಹಳೆಯದೂ ಒಳ್ಳೆಯ ಕೈಯಲ್ಲಿದ್ದರೆ ಹೊಸದರಂತೆಯೇ ಬೀಳುತ್ತದೆ. ನಾನು ಕೊಂಡ ಮೊದಲ ಹಳೆಯ ಸೀರೆ ಇದೇ ಜಾತಿಯದು. ಎಲೆಹಸಿರು ಒಡಲು, ಕಿರಿದಾದ ಸಾದಾ ಜರಿಯ ಅಂಚು. ಹಬ್ಬಕ್ಕೆ ಉಟ್ಟಾಗ ಸಹೋದ್ಯೋಗಿಯೊಬ್ಬರು "ಎಷ್ಟು ದಿನ ಸರದಿ ಕಾದಿರಿ ಮೇಡಂ?" ಎಂದರು. "ಇಪ್ಪತ್ತೈದು ವರ್ಷ" ಎಂದೆ. ಅವರು ಹಾಸ್ಯವೆಂದುಕೊಂಡು ನಕ್ಕರು.

ಈಚೆಗೆ ಕಾಲೇಜುಗಳಲ್ಲಿ ವರ್ಷಕ್ಕೊಂದು ದಿನ 'ಎಥ್ನಿಕ್ ಡೇ' ನಡೆಯುತ್ತದೆ. ಹುಡುಗಿಯರು ಆ ಒಂದು ದಿನಕ್ಕಾಗಿ ಅಂಗಡಿಗಳನ್ನು ಸುತ್ತಿ, ಹಿಂದಿನ ತಿಂಗಳು ಯಾವುದೋ ಚಿತ್ರದಲ್ಲಿ ನಾಯಕಿ ಉಟ್ಟ ಬಣ್ಣವನ್ನೇ ಹುಡುಕಿ ತರುತ್ತಾರೆ. ಮರುವರ್ಷಕ್ಕೆ ಆ ಬಣ್ಣ ನಗೆಪಾಟಲು. ಹಾಗೆ ತಂದ ಸೀರೆಗಳು ಸುಡಲಿಕ್ಕೂ ಬೆಲೆಯಿಲ್ಲದವು, ಏಕೆಂದರೆ ಅವುಗಳಲ್ಲಿ ಬೆಳ್ಳಿಯಿಲ್ಲ. ನಾನು ಅವರನ್ನು ಹಳಿಯುವುದಿಲ್ಲ. ಇಪ್ಪತ್ತರ ವಯಸ್ಸಿಗೆ ಎಲ್ಲರಂತಿರುವ ಆಸೆ ಸಹಜ. ಆದರೆ ಹೋದ ಸಲ ನನ್ನ ವಿದ್ಯಾರ್ಥಿನಿಯೊಬ್ಬಳು ಅಜ್ಜಿಯ ಚಂದ್ರಕಾಳಿ ಸೀರೆಯನ್ನುಟ್ಟು ಬಂದಿದ್ದಳು. ಆ ಕಪ್ಪಿನ ಮುಂದೆ ಅಂದಿನ ಬಣ್ಣಗಳೆಲ್ಲ ಸ್ವಲ್ಪ ಗಲಾಟೆ ಮಾಡುತ್ತಿರುವಂತೆ ಕಂಡವು. ಅಜ್ಜಿಯ ಬೀರು ಇಲ್ಲದವರು ಏನು ಮಾಡಬೇಕು? ಆ ಪ್ರಶ್ನೆಗೆ ಚಿಕ್ಕಪೇಟೆಯೂ ಒಂದು ಉತ್ತರ.

ಆ ಉತ್ತರವೂ ಸರಳವಾದುದಲ್ಲ. ಒಂದು ಕಾರ್ತಿಕ ಮಾಸದ ಮಧ್ಯಾಹ್ನ ಅಂತಹ ಅಂಗಡಿಯಲ್ಲಿ ಕುಳಿತಿದ್ದಾಗ ಎಪ್ಪತ್ತರ ಹರೆಯದ ಹೆಂಗಸೊಬ್ಬರು ಬಟ್ಟೆಯ ಚೀಲ ಹಿಡಿದು ಬಂದರು. ಚೀಲದೊಳಗೆ ಬಿಳಿಯ ಪಂಚೆಯಲ್ಲಿ ಸುತ್ತಿದ ಒಂದು ಸೀರೆ. ಕುಂಕುಮದ ಬಣ್ಣದ ಒಡಲು, ಗಿಳಿಹಸಿರು ಅಂಚು, ಒಂದು ಗೇಣು ಜರಿ. ಅಂಗಡಿಯಾತ ಮೂಲೆಯನ್ನು ಕಲ್ಲಿಗೆ ಉಜ್ಜಿದ, ತಕ್ಕಡಿಗೆ ಹಾಕಿದ, ಒಂದು ಸಂಖ್ಯೆ ಹೇಳಿದ. ಆಕೆ ಚೌಕಾಸಿ ಮಾಡಲಿಲ್ಲ. ಸಂಖ್ಯೆಯನ್ನು ತಮ್ಮಷ್ಟಕ್ಕೆ ಒಮ್ಮೆ ಹೇಳಿಕೊಂಡರು. ಯಾವುದೋ ಔಷಧದ ಲೆಕ್ಕವೋ, ಬಾಡಿಗೆಯ ಲೆಕ್ಕವೋ ಇದ್ದೀತು. ಕತ್ತರಿ ಮೇಜಿನ ಮೇಲಿತ್ತು. ನಾನು, "ಅಮ್ಮ, ನನಗೆ ಕೊಡ್ತೀರಾ?" ಎಂದೆ.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಉಡ್ತೀರೇನಮ್ಮ, ಇಲ್ಲ ನೀವೂ ಕರಗಿಸ್ತೀರಾ?" ಎಂದು ಕೇಳಿದರು.

"ಉಡ್ತೀನಿ."

"ಹಾಗಾದ್ರೆ ಹೇಳಿಬಿಡ್ತೀನಿ. ಸೆರಗಿನ ಹತ್ರ ಅರಿಸಿನದ ಕಲೆ ಇದೆ, ಮಡಿಸಿದಾಗ ಕಾಣೋದಿಲ್ಲ. ನೆರಿಗೇಲಿ ಒಂದು ಕಡೆ ನಾನೇ ಹೊಲಿದಿದ್ದೀನಿ."

ಅಲ್ಲಿಯವರೆಗೆ ಆಕೆ ಸೀರೆಯ ದೋಷವನ್ನು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕರಗಿಸುವವನಿಗೆ ಕಲೆಯಿಂದ ಆಗಬೇಕಾದುದೇನು? ಉಡುವವಳೊಬ್ಬಳು ಸಿಕ್ಕ ಕೂಡಲೇ ತಕ್ಕಡಿಯ ಮೇಲಿದ್ದುದು ಮತ್ತೆ ಸೀರೆಯಾಯಿತು. ನಾನು ಅಂಗಡಿಯಾತ ಹೇಳಿದ್ದರ ಒಂದೂವರೆಯಷ್ಟು ಆಕೆಗೆ ಕೊಟ್ಟೆ. ವ್ಯಾಪಾರ ತನ್ನ ಮೇಜಿನ ಮೇಲೆ ನಡೆಯಿತೆಂದು ಆತನೂ ಇನ್ನೂರು ರೂಪಾಯಿ ಪಡೆದ. ಹೊಸದಾಗಿ ಅಂಥದನ್ನು ನೇಯಿಸಲು ಬೇಕಾದ ಹಣದ ಕಾಲುಭಾಗವೂ ಅದಲ್ಲ. ಸರಿಯಾದ ಬೆಲೆ ಯಾವುದು? ಬೆಳ್ಳಿಗೆ ದರವಿದೆ, ನೇಕಾರನಿಗೆ ಕೂಲಿಯಿದೆ. ಆಕೆ ಪಂಚೆಯಲ್ಲಿ ಸುತ್ತಿಟ್ಟಿದ್ದ ಅಷ್ಟು ವರ್ಷಗಳಿಗೆ ಯಾವ ಪೇಟೆಯಲ್ಲಿಯೂ ದರವಿಲ್ಲ. ಆದರೂ ಇಂಥ ವ್ಯಾಪಾರದಲ್ಲಿ ಒಂದು ನಿಯಮವನ್ನು ನಾನು ಇಟ್ಟುಕೊಂಡಿದ್ದೇನೆ. ಮಾರುವವರು ಎದುರಿಗೇ ಇದ್ದರೆ ಚೌಕಾಸಿ ಮಾಡುವುದಿಲ್ಲ. ಅಂಗಡಿಯಾತ ಒಬ್ಬನೇ ಇದ್ದರೆ ಬಿಡುವುದಿಲ್ಲ.

ಹಳೆಯದೆಂಬ ನೆಪದಲ್ಲಿ ಹತ್ತು ಕೊಳ್ಳುವುದೂ ಒಂದು ಚಪಲವೇ, ಅಂಥವರನ್ನೂ ಕಂಡಿದ್ದೇನೆ. ಹದಿನೈದು ವರ್ಷಗಳಲ್ಲಿ ನಾನು ಕೊಂಡವು ಐದು. ಅವು ಕೇಳುವ ಸೇವೆಯೂ ಕಡಿಮೆಯಲ್ಲ. ಹತ್ತಿಯ ಬಟ್ಟೆಯಲ್ಲಿ ಸುತ್ತಿಡಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಡಿಸಿ, ನೆರಳಿನ ಗಾಳಿಗೆ ಹರವಿ, ಬೇರೆ ಗೆರೆಯಲ್ಲಿ ಮಡಿಸಬೇಕು. ನುಸಿಗುಳಿಗೆ ಜರಿಗೆ ತಾಗಕೂಡದು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಸೀರೆಯ ಇನ್ನೊಂದು ತುದಿಯನ್ನು ಹಿಡಿಯಲು ಮಗಳನ್ನು ಕರೆಯುತ್ತೇನೆ, ಅವಳು ಗೊಣಗುತ್ತಾ ಬರುತ್ತಾಳೆ.

ಐದರಲ್ಲಿ ಒಂದು ಒಂಬತ್ತು ಗಜದ್ದು, ಹಿಂದಿನವರ ಲೆಕ್ಕದಲ್ಲಿ ಹದಿನೆಂಟು ಮೊಳ. ಉಡುವವರಿಲ್ಲದ್ದರಿಂದ ಇವೇ ಮೊದಲು ಕತ್ತರಿಗೆ ಬೀಳುತ್ತವೆ. ನನಗೂ ಕಚ್ಚೆ ಹಾಕಿ ಉಡಲು ಬಾರದು. ಅದನ್ನು ಎರಡಾಗಿ ಕತ್ತರಿಸಿ ಒಂದು ಸೀರೆ, ಒಂದು ಲಂಗ ಮಾಡಿಸೆಂದು ದರ್ಜಿ ಎರಡು ಸಲ ಹೇಳಿದ್ದಾನೆ. ನಮ್ಮ ಹಿಂದಿನ ಬೀದಿಯಲ್ಲಿ ಎಂಬತ್ತೆರಡು ವಯಸ್ಸಿನ ಅಜ್ಜಿಯೊಬ್ಬರಿದ್ದಾರೆ. ಕಚ್ಚೆ ಹಾಕುವುದನ್ನು ಕಲಿಸುತ್ತೇನೆ, ಸೀರೆ ತೆಗೆದುಕೊಂಡು ಬಾ ಎಂದಿದ್ದಾರೆ. ಪರೀಕ್ಷೆಯ ಮೌಲ್ಯಮಾಪನ ಮುಗಿದ ಕೂಡಲೇ ಹೋಗಬೇಕು.