ಕಲಿಕೆಯ ಬಗ್ಗೆ ಮಕ್ಕಳು ನಂಬಿರುವುದೇನು?

2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ಶೇ 42.43ರೊಂದಿಗೆ ರಾಜ್ಯದಲ್ಲೇ ಕೊನೆಯ ಸ್ಥಾನಕ್ಕಿಳಿಯಿತು. ಮೊದಲ ಸ್ಥಾನ ಪಡೆದ ದಕ್ಷಿಣ ಕನ್ನಡದ್ದು ಶೇ 91.12. ಇಂಥ ಅಂಕಿ ಹೊರಬಿದ್ದಾಗ ಚರ್ಚೆ ಹಿಡಿಯುವ ಜಾಡು ಗೊತ್ತಿರುವಂಥದ್ದೇ: ಖಾಲಿ ಹುದ್ದೆ, ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜ್. ಕಲಿಯುವುದು ಎಂದರೆ ಏನೆಂದು ಆ ಮಕ್ಕಳು ತಿಳಿದಿದ್ದಾರೆ ಎಂಬ ಮಾತು ಬರುವುದು ಅಪರೂಪ. ‘ಗಣಿತ ನನ್ ತಲಿಗಿ ಹತ್ತಂಗಿಲ್ಲ’ ಎಂದು ಹುಡುಗನೊಬ್ಬ ಹೇಳಿದರೆ, ಬುದ್ಧಿ ಹುಟ್ಟುವಾಗಲೇ ಅಳೆದು ಕೊಟ್ಟದ್ದು, ದುಡಿದು ಹೆಚ್ಚಿಸಲಾಗದ್ದು ಎಂಬ ನಂಬಿಕೆ ಅದರೊಳಗಿದೆ. ಅದನ್ನು ಹಾಗೇ ಬಿಟ್ಟು ಸಂಜೆ ಇನ್ನೊಂದು ಗಂಟೆ ಕೂರಿಸಿದರೆ ಎಷ್ಟು ಫಲ ಸಿಕ್ಕೀತು?

ಇಂಥ ನಂಬಿಕೆಯನ್ನು ಅಳೆಯಬಹುದು. ಅಮೆರಿಕದ ಸಂಶೋಧಕಿ ಮಾರ್ಲಿನ್ ಶೊಮ್ಮರ್ 1990ರಲ್ಲಿ 63 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ಮುಂದಿಟ್ಟರು. ಕಲಿಕೆ ಥಟ್ಟನೆ ಆಗಬೇಕು, ಇಲ್ಲವಾದರೆ ಆಗುವುದೇ ಇಲ್ಲ ಎಂದು ನಂಬಿದವರು ಓದಿದ್ದರಿಂದ ತೀರಾ ಸರಳ ತೀರ್ಮಾನಕ್ಕೆ ಬಂದರು, ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಮೇಲಾಗಿ ತಮಗೆ ಚೆನ್ನಾಗಿ ಅರ್ಥವಾಗಿದೆ ಎಂದೇ ಭಾವಿಸಿದ್ದರು. ಜ್ಞಾನ ಬರುವುದು ಬಲ್ಲವರ ಬಾಯಿಂದಲೇ ಎಂಬ ನಂಬಿಕೆಯೂ ಪ್ರತ್ಯೇಕ ಅಂಶವಾಗಿ ಕಾಣಬಹುದೆಂದು ಶೊಮ್ಮರ್ ಎಣಿಸಿದ್ದರು, ಅದು ಕಾಣಲಿಲ್ಲ. ಆದರೆ 2002ರಲ್ಲಿ ಚಾನ್ ಮತ್ತು ಎಲಿಯಟ್ ಹಾಂಗ್‌ಕಾಂಗ್‌ನ ಶಿಕ್ಷಕ ತರಬೇತಿ ವಿದ್ಯಾರ್ಥಿಗಳನ್ನು ಕೇಳಿದಾಗ ಅದೇ ಅಂಶ ಎದ್ದು ನಿಂತಿತು. ಹಾಗಾಗಿ ಅಮೆರಿಕದ ಪಟ್ಟಿಯನ್ನು ಕನ್ನಡಕ್ಕೆ ಇಳಿಸಿ, ಉರ್ದು ಮಾಧ್ಯಮದ ಶಾಲೆಗಳೂ ಇರುವ ಕಲಬುರಗಿಯಲ್ಲಿ ಹಂಚಿಬಿಟ್ಟರೆ ಬರುವ ಸಂಖ್ಯೆಯನ್ನು ನಂಬುವಂತಿಲ್ಲ.

ಮಕ್ಕಳು ಸರ್‌ಗೆ ಇಷ್ಟವಾಗುವುದಕ್ಕೇ ಟಿಕ್ ಹಾಕುತ್ತಾರೆ ಎಂಬ ಆಕ್ಷೇಪ ಬರುತ್ತದೆ. ನಿಜ. ಅದಕ್ಕೇ ‘ಒಪ್ಪುತ್ತೇನೆ, ಒಪ್ಪುವುದಿಲ್ಲ’ಗಳ ಜೊತೆ ಬೇರೆ ಬಗೆಯ ಪ್ರಶ್ನೆಯೂ ಬೇಕು. ಇದೇ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಯನ್ನೇ ತೆಗೆದುಕೊಳ್ಳಿ; ಭೌಗೋಳಿಕ ಸೂಚಕ ಪಡೆದ ಹಣ್ಣು, ಅಲ್ಲಿನ ಮಕ್ಕಳು ನೋಡಿ ಬಲ್ಲದ್ದು. ಆ ಬಣ್ಣ ಮಣ್ಣಿನದು ಎಂದು ಒಬ್ಬ ಅನುಭವಿ ರೈತ, ತಳಿಯದು ಎಂದು ಇನ್ನೊಬ್ಬ ಹೇಳಿದರೆನ್ನಿ. ಯಾರ ಮಾತು ಸರಿಯೆಂದು ಹೇಗೆ ತೀರ್ಮಾನಿಸುವೆ? ‘ಸರ್‌ನ ಕೇಳ್ತೀನಿ’ ಎಂಬುದು ಒಂದು ಉತ್ತರ. ‘ಅದೇ ಗಡ್ಡೆಯನ್ನು ಬೇರೆ ಊರಿನ ಹೊಲದಲ್ಲಿ ಹಚ್ಚಿ ನೋಡಬೇಕು’ ಎಂಬುದು ಇನ್ನೊಂದು. ಈ ಎರಡರ ನಡುವಿನ ಅಂತರ ಯಾವ ಟಿಕ್ ಗುರುತಿನಲ್ಲೂ ಸಿಗದು.

ಇದಕ್ಕಿಂತ ಗಟ್ಟಿ ಆಕ್ಷೇಪ ಬೇರೆಯಿದೆ: ಶಿಕ್ಷಕರಿಲ್ಲದ ಶಾಲೆಯ ಮಗುವಿನ ನಂಬಿಕೆಯನ್ನು ಅಳೆಯುವುದೆಂದರೆ ತಪ್ಪನ್ನು ಅದರ ತಲೆಗೇ ಕಟ್ಟಿದಂತಲ್ಲವೇ? ಖಾಲಿ ಹುದ್ದೆ ತುಂಬುವುದಕ್ಕೆ ಇದು ಪರ್ಯಾಯವೆಂದರೆ ಖಂಡಿತ ಹೌದು. ಆದರೆ ಪ್ರಶ್ನೆಗೆ ಒಂದೇ ಉತ್ತರ, ಅದೂ ನೋಟ್ಸ್‌ನಲ್ಲಿದ್ದಂತೆಯೇ, ಎಂಬುದನ್ನು ಮಗು ಮನೆಯಿಂದ ಹೊತ್ತು ತಂದಿರಲಾರದು. ವರ್ಷಗಟ್ಟಲೆ ನಾವೇ ಕಲಿಸಿದ್ದೇವೆ. ಹೀಗಾಗಿ ಅಳತೆ ತೋರಿಸುವುದರಲ್ಲಿ ಹೆಚ್ಚಿನ ಪಾಲು ಶಾಲೆಯದೇ. ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದವರು ಈ ಕೆಲಸಕ್ಕಿಳಿದರೆ ಮೊದಲು ಶಿಕ್ಷಕರನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಇದೇ ಒರೆಗೆ ಹಚ್ಚಲಿ. ಉತ್ತರಪತ್ರಿಕೆಯ ಮೇಲೆ ಮಗುವಿನ ಹೆಸರು ಬೇಡ, ತಾಲ್ಲೂಕುವಾರು ರ್‍ಯಾಂಕ್ ಅಂತೂ ಬೇಡವೇ ಬೇಡ. ರ್‍ಯಾಂಕ್ ಕೊಟ್ಟ ಮರುವರ್ಷವೇ ಬಾಳೆಯ ಪ್ರಶ್ನೆಗೂ ಗೈಡ್‌ನಲ್ಲಿ ಮಾದರಿ ಉತ್ತರ ಅಚ್ಚಾಗಿರುತ್ತದೆ.