‘ಅಕ್ಷರ ಹಂತ’ದ ಅರ್ಥವ್ಯಾಪ್ತಿ: ಅಸರ್ ಓದು ದತ್ತಾಂಶ ಮತ್ತು ಕನ್ನಡ ಲಿಪಿವ್ಯವಸ್ಥೆ

2005ರಲ್ಲಿ ಆರಂಭವಾದ ಅಸರ್ ಸಮೀಕ್ಷೆಯು ಗ್ರಾಮೀಣ ಭಾರತದ ಮಕ್ಕಳನ್ನು ಅವರ ಮನೆಗಳಲ್ಲಿಯೇ ಭೇಟಿಮಾಡಿ, ಒಬ್ಬೊಬ್ಬರಿಂದಲೂ ಗಟ್ಟಿಯಾಗಿ ಓದಿಸಿ, ಐದು ಹಂತಗಳಲ್ಲಿ ಒಂದಕ್ಕೆ ಸೇರಿಸುತ್ತದೆ: ಅಕ್ಷರವನ್ನೂ ಗುರುತಿಸದ ಹಂತ, ಅಕ್ಷರ, ಪದ, ಒಂದನೆಯ ತರಗತಿಯ ಪಠ್ಯ, ಎರಡನೆಯ ತರಗತಿಯ ಪಠ್ಯ. ಮನೋವೈಜ್ಞಾನಿಕ ಸಂಶೋಧನೆಯು ಈ ಹಂತಗಳನ್ನು ಅರಿವಿನ ಸಾಮರ್ಥ್ಯದ ಅಳತೆಯೆಂದು ಬಳಸುವಾಗ ಗಮನಿಸಬೇಕಾದ ಮೂರು ಸಂಗತಿಗಳನ್ನು ಇಲ್ಲಿ ವಿವರಿಸುತ್ತೇವೆ.

ಮೊದಲನೆಯದು, ಇವು ಶ್ರೇಣಿಗಳೇ ಹೊರತು ಅಂಕಗಳಲ್ಲ. ಹಂತಗಳಿಗೆ 0ರಿಂದ 4ರವರೆಗೆ ಸಂಖ್ಯೆಯಿತ್ತು ಸರಾಸರಿ ತೆಗೆದರೆ, ಹಂತಗಳ ನಡುವಿನ ಅಂತರಗಳು ಸಮಾನವೆಂದು ಒಪ್ಪಿದಂತಾಗುತ್ತದೆ. ಅದಕ್ಕೆ ಆಧಾರವಿಲ್ಲ, ಶ್ರೇಣಿದತ್ತಾಂಶಕ್ಕೆ ಹೊಂದುವ ಮಾದರಿಗಳೇ ಇಲ್ಲಿ ಉಚಿತ.

ಎರಡನೆಯದು, ‘ಅಕ್ಷರ’ವೆಂಬ ಘಟಕದ ಸ್ವರೂಪ. ಮಗು ತಾನೇ ಆರಿಸಿಕೊಂಡ ಐದು ಅಕ್ಷರಗಳಲ್ಲಿ ನಾಲ್ಕನ್ನು ಸರಿಯಾಗಿ ಓದಿದರೆ ಆ ಹಂತವನ್ನು ತಲುಪಿದಂತೆ. ಇಂಗ್ಲಿಷಿನಲ್ಲಿ ಕಲಿಯಬೇಕಾದ ಅಕ್ಷರಗಳು 26. ಕನ್ನಡದಲ್ಲಿ ವರ್ಣಮಾಲೆಯ 49 ಅಕ್ಷರಗಳ ಆಚೆಗೆ ಗುಣಿತಾಕ್ಷರಗಳೇ ನಾನೂರನ್ನು ಮೀರುತ್ತವೆ, ಒತ್ತಕ್ಷರಗಳು ಬೇರೆ. ‘ಶಕ್ತಿ’ ಪದದ ‘ಕ್ತಿ’ಯನ್ನು ನೋಡಬಹುದು. ಇಕಾರವು ಉಚ್ಚಾರಣೆಯಲ್ಲಿ ತಕಾರದ ನಂತರ ಬರುತ್ತದೆ; ಬರಹದಲ್ಲಿ ಅದರ ಚಿಹ್ನೆ ಕಕಾರದ ಮೇಲಿದ್ದು, ತಕಾರವು ಕೆಳಗಿರುತ್ತದೆ. ಇದನ್ನು ಮಗು ‘ಶಕಿತ’ ಎಂದು ಓದಿದರೆ, ಆ ದೋಷದ ಮೂಲವನ್ನು ಧ್ವನಿಪ್ರಜ್ಞೆಯ ಕೊರತೆಗಿಂತ ಮೊದಲು ಲಿಪಿವಿನ್ಯಾಸದಲ್ಲಿ ಹುಡುಕಬೇಕು. ಹಂತದ ಸಂಖ್ಯೆಯಲ್ಲಿ ಈ ಭೇದ ಅಳಿಸಿಹೋಗುತ್ತದೆ. ಕನ್ನಡದಲ್ಲಿ ಅಕ್ಷರಜ್ಞಾನದ ಗಳಿಕೆ ಪ್ರಾಥಮಿಕ ಶಾಲೆಯ ಮೊದಲ ವರ್ಷಗಳನ್ನೂ ದಾಟಿ ಮುಂದುವರಿಯುತ್ತದೆ ಎಂಬುದನ್ನು ಸೊನಾಲಿ ನಾಗ್ ಅವರ 2007ರ ಅಧ್ಯಯನವು ತೋರಿಸಿದೆ. ಆದುದರಿಂದ ‘ಅಕ್ಷರ ಹಂತ’ದಲ್ಲಿರುವ ಕನ್ನಡದ ಮಗುವನ್ನು ಹಿಂದುಳಿದ ಮಗುವೆಂದು ನೇರವಾಗಿ ನಿರ್ಣಯಿಸಲಾಗದು.

ಮೂರನೆಯದು, ಭಾಷಾಂತರ ಹೋಲಿಕೆ. ಎರಡು ರಾಜ್ಯಗಳ ಶೇಕಡಾವಾರುಗಳನ್ನು ಅಕ್ಕಪಕ್ಕ ಇಡುವ ಮೊದಲು, ಎರಡು ಭಾಷೆಗಳ ಪರೀಕ್ಷಾಪಠ್ಯಗಳು ಒಂದೇ ಸಾಮರ್ಥ್ಯವನ್ನು ಒಂದೇ ಪ್ರಮಾಣದಲ್ಲಿ ಅಳೆಯುತ್ತವೆಯೆಂಬುದು ಸಿದ್ಧವಾಗಬೇಕು. ಇದೇ ಮಾಪನ ಸಮಾನತೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಉರ್ದು ಆಡುವ ಮಗು ಕನ್ನಡ ಪಠ್ಯವನ್ನು ಓದುವಾಗ, ಓದುವ ಸಾಮರ್ಥ್ಯದೊಡನೆ ಭಾಷಾಪರಿಚಯವೂ ಅಳೆಯಲ್ಪಡುತ್ತದೆ.

ಇವು ಸಮೀಕ್ಷೆಯ ದೋಷಗಳಲ್ಲ. ಎಷ್ಟು ಮಕ್ಕಳು ಸರಳ ಪಠ್ಯವನ್ನು ಓದಬಲ್ಲರು ಎಂಬ ಪ್ರಶ್ನೆಗೆ ಅದು ಉತ್ತರಿಸುತ್ತದೆ. ಒಂದೇ ಭಾಷೆಯೊಳಗೆ, ಒಂದೇ ತರಗತಿಯ ಮಕ್ಕಳಲ್ಲಿ ವರ್ಷದಿಂದ ವರ್ಷಕ್ಕಾದ ಬದಲಾವಣೆಯನ್ನೂ ಸೂಚಿಸುತ್ತದೆ. ಓದಲಾಗದಿರುವುದು ಏಕೆ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ದೊರೆಯಬೇಕಾದರೆ, ಮಗು ತಪ್ಪಾಗಿ ಓದಿದುದನ್ನು ಅಕ್ಷರಶಃ ದಾಖಲಿಸಿಕೊಳ್ಳುವ ಪೂರಕ ಅಧ್ಯಯನಗಳು ಅಗತ್ಯ. ಭಾಷಾವಿಜ್ಞಾನಿಯ ಪಾತ್ರವಿರುವುದು ಅಲ್ಲಿಯೇ ಎಂದು ನಾವು ಭಾವಿಸುತ್ತೇವೆ.