ಟವರಿನ ಬುಡದಿಂದ ಕೇಂದ್ರದ ಕೋಣೆಗೆ: ಕ್ಲೌಡ್ ರೇಡಿಯೊ ಜಾಲ ಮತ್ತು ನಮ್ಮ ನಾಲ್ಕು ತಾಲ್ಲೂಕುಗಳು

ಬನಹಟ್ಟಿಯಿಂದ ಸೀರೆಯ ಬೇಲು ಹೊರಡಬೇಕಾದರೆ ಇಂದು ಲಾರಿಗಿಂತ ಮೊದಲು ಮೊಬೈಲ್ ಜಾಲ ಸಿಗಬೇಕು. 2018ರ ಏಪ್ರಿಲ್ 1ರಂದು ಇ-ವೇ ಬಿಲ್ ವ್ಯವಸ್ಥೆ ಜಾರಿಗೆ ಬಂದಿತು. 2023ರ ಆಗಸ್ಟ್ 1ರಿಂದ ವಾರ್ಷಿಕ 5 ಕೋಟಿ ರೂಪಾಯಿ ಮೀರಿದ ವಹಿವಾಟಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಬೆಲ್ಲದ ಅಡತಿಯಲ್ಲಿ ಹಣ ಪಾವತಿಯೂ ಫೋನಿನ ಮೇಲೆಯೇ ನಡೆಯುತ್ತಿದೆ. ಆದ್ದರಿಂದ ಟವರು ಹೇಗೆ ಕೆಲಸ ಮಾಡುತ್ತದೆ, ಮುಂದೆ ಹೇಗೆ ಬದಲಾಗಲಿದೆ ಎಂಬುದು ಎಂಜಿನಿಯರುಗಳಿಗಷ್ಟೇ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲ.

ಸಾಂಪ್ರದಾಯಿಕ ಟವರಿನಲ್ಲಿ ಎರಡು ಭಾಗಗಳಿವೆ. ಮೇಲೆ ಆಂಟೆನಾ ಮತ್ತು ರೇಡಿಯೊ ಯಂತ್ರ. ಬುಡದ ಪೆಟ್ಟಿಗೆಯಲ್ಲಿ ಲೆಕ್ಕ ಹಾಕುವ ಬೇಸ್‌ಬ್ಯಾಂಡ್ ಯಂತ್ರ. ಅದರ ಜೊತೆಗೆ ಬ್ಯಾಟರಿ, ತಂಪುಗೊಳಿಸುವ ಸಾಧನ, ಅನೇಕ ಕಡೆ ಡೀಸೆಲ್ ಜನರೇಟರ್. ಪ್ರತಿಯೊಂದು ಬೇಸ್‌ಬ್ಯಾಂಡ್ ಯಂತ್ರವನ್ನೂ ಆ ಟವರಿನ ಅತ್ಯಧಿಕ ಬೇಡಿಕೆಗೆ ತಕ್ಕಂತೆ ಅಳವಡಿಸಬೇಕಾಗುತ್ತದೆ. ಹಗಲು ಪೇಟೆಯ ಟವರಿಗೆ ಬಿಡುವಿಲ್ಲ, ರಾತ್ರಿ ಅದು ಸುಮ್ಮನಿರುತ್ತದೆ. ವಸತಿ ಬಡಾವಣೆಯದು ಇದಕ್ಕೆ ತದ್ವಿರುದ್ಧ. ಹೀಗೆ ಸಾಮರ್ಥ್ಯದ ಬಹುಪಾಲು ವ್ಯರ್ಥವಾಗುತ್ತದೆ. ಎಲ್ಲ ಟವರುಗಳ ಬೇಸ್‌ಬ್ಯಾಂಡ್ ಕೆಲಸವನ್ನು ಒಂದೇ ಕೋಣೆಯ ಕಂಪ್ಯೂಟರುಗಳಿಗೆ ಒಪ್ಪಿಸಿ, ಬೇಡಿಕೆ ಇದ್ದೆಡೆ ಸಾಮರ್ಥ್ಯ ಹಂಚುವುದೇ ಕ್ಲೌಡ್ ರೇಡಿಯೊ ಜಾಲದ ತತ್ವ. 2010ರ ಸುಮಾರಿಗೆ ಚೀನಾ ಮೊಬೈಲ್ ಸಂಸ್ಥೆ ಇದನ್ನು ದೊಡ್ಡ ಪ್ರಮಾಣದಲ್ಲಿ ಪ್ರತಿಪಾದಿಸಿತು.

ಕೇಳಲು ಸರಳ. ತೊಡಕಿರುವುದು ಸಾಗಣೆಯಲ್ಲಿ. ನಮ್ಮ ಭಾಗದವರಿಗೆ ಇದನ್ನು ಕಬ್ಬಿನ ಮೂಲಕ ಹೇಳುವುದೇ ಲೇಸು. ಹೊಲದ ಆಲೆಮನೆಯಲ್ಲೇ ಬೆಲ್ಲ ಮಾಡಿದರೆ ಹೊರಗೆ ಸಾಗುವುದು ಬೆಲ್ಲ ಮಾತ್ರ. ಕಾರ್ಖಾನೆಗೆ ಕಳಿಸುವುದಾದರೆ ಕಬ್ಬನ್ನೇ ಹೊರಬೇಕು, ಅದೂ ಕಡಿದ ಮೇಲೆ ತಡಮಾಡುವಂತಿಲ್ಲ. ಇಲ್ಲಿಯೂ ಹಾಗೆಯೇ. ಎರಡು ಆಂಟೆನಾಗಳ 20 ಮೆಗಾಹರ್ಟ್ಸ್‌ನ 4ಜಿ ಟವರೊಂದು ಗ್ರಾಹಕರಿಗೆ ಕೊಡುವುದು ಗರಿಷ್ಠ ಸೆಕೆಂಡಿಗೆ ಸುಮಾರು 150 ಮೆಗಾಬಿಟ್. ಆದರೆ ಸಂಸ್ಕರಿಸದ ಸಂಕೇತವನ್ನು ಕೇಂದ್ರಕ್ಕೆ ಒಯ್ಯಲು ಸುಮಾರು 2,458 ಮೆಗಾಬಿಟ್ ಬೇಕು, ಅಂದರೆ ಹದಿನಾರು ಪಟ್ಟು. ಟವರಿನಡಿ ಒಬ್ಬ ಗ್ರಾಹಕನೂ ಇಲ್ಲದಿದ್ದರೂ ಈ ಭಾರ ತಗ್ಗುವುದಿಲ್ಲ. ಹೀಗಾಗಿ ಆಪ್ಟಿಕಲ್ ಫೈಬರ್ ಅನಿವಾರ್ಯ. ಕಾಲದ ಮಿತಿಯೂ ಬಿಗಿಯಾದುದು. ಫೋನಿನ ಸಂದೇಶ ತಲುಪಿತೋ ಇಲ್ಲವೋ ಎಂಬ ಉತ್ತರವನ್ನು 4ಜಿ ಜಾಲ ಸುಮಾರು 3 ಮಿಲಿಸೆಕೆಂಡುಗಳಲ್ಲಿ ಸಿದ್ಧಪಡಿಸಬೇಕು. ಅದರಲ್ಲಿ ಹೆಚ್ಚಿನ ಪಾಲು ಲೆಕ್ಕಕ್ಕೇ ಹೋಗುತ್ತದೆ. ಫೈಬರಿನಲ್ಲಿ ಬೆಳಕು ಒಂದು ಕಿ.ಮೀ. ಸಾಗಲು 5 ಮೈಕ್ರೊಸೆಕೆಂಡು ತೆಗೆದುಕೊಳ್ಳುವುದರಿಂದ, ಟವರಿಗೂ ಕೇಂದ್ರಕ್ಕೂ ನಡುವೆ ಸಾಮಾನ್ಯವಾಗಿ 20 ಕಿ.ಮೀ.ಗಿಂತ ಹೆಚ್ಚು ಅಂತರ ಇಡುವುದಿಲ್ಲ.

ಈಗ ನಕ್ಷೆ ನೋಡೋಣ. ಜಮಖಂಡಿಯಲ್ಲಿ ಕೇಂದ್ರವಿಟ್ಟರೆಂದು ಭಾವಿಸಿ. ಮುಧೋಳವೂ ರಬಕವಿ-ಬನಹಟ್ಟಿಯೂ ನೇರ ರೇಖೆಯಲ್ಲಿ 20 ಕಿ.ಮೀ.ಯ ಆಸುಪಾಸಿನಲ್ಲಿವೆ. ಆದರೆ ಕೇಬಲ್ ರಸ್ತೆಗುಂಟ ಸಾಗುವುದೇ ಹೊರತು ಹಕ್ಕಿಯಂತೆ ಹಾರುವುದಿಲ್ಲ. ಆದ್ದರಿಂದ ಅವು ಮಿತಿಯ ಅಂಚಿನಲ್ಲಿ ನಿಲ್ಲುತ್ತವೆ. ಬೀಳಗಿಯಂತೂ ಅದರ ಸುಮಾರು ಎರಡು ಪಟ್ಟು ದೂರ. ಮಹಾನಗರಗಳ ಲೆಕ್ಕದಲ್ಲಿ ರೂಪುಗೊಂಡ ಯೋಜನೆ ಜಿಲ್ಲೆಯ ಊರುಗಳಿಗೆ ಹಾಗೆಯೇ ಹೊಂದುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

5ಜಿ ಮಾನದಂಡ ಇದಕ್ಕೊಂದು ನಡುದಾರಿ ತೋರಿದೆ. ಅವಸರದ ಲೆಕ್ಕಗಳನ್ನು ಟವರಿನ ಸಮೀಪದ ವಿತರಣಾ ಘಟಕ ಮಾಡುತ್ತದೆ. ಕೆಲವು ಮಿಲಿಸೆಕೆಂಡು ಕಾಯಬಲ್ಲ ಕೆಲಸಗಳು ದೂರದ ಕೇಂದ್ರ ಘಟಕಕ್ಕೆ ಹೋಗುತ್ತವೆ. ಮೊದಲ ಅರೆಯುವಿಕೆ ಹೊಲದಲ್ಲೇ ಮುಗಿದಂತೆ. ಆಗ ಬೀಳಗಿಯ ಟವರಿಗೆ ಬಾಗಲಕೋಟೆಯೇನು, ಹುಬ್ಬಳ್ಳಿಯೂ ದೂರವಲ್ಲ.

ಜಪಾನಿನ ರಾಕುಟೆನ್ ಸಂಸ್ಥೆ 2020ರ ಏಪ್ರಿಲ್‌ನಲ್ಲಿ ಇಂತಹ ಸಾಫ್ಟ್‌ವೇರ್ ಆಧಾರಿತ ಜಾಲವನ್ನು ವಾಣಿಜ್ಯ ಸೇವೆಗೆ ತಂದಿತು. ತಂತ್ರಜ್ಞಾನ ನಡೆಯಿತು, ಆದರೆ ಅದರ ಮೊಬೈಲ್ ವಿಭಾಗ ಹಲವು ವರ್ಷ ಭಾರಿ ನಷ್ಟ ಅನುಭವಿಸಿತು. ಯಂತ್ರದ ಉಳಿತಾಯವೊಂದೇ ವ್ಯಾಪಾರವನ್ನು ಎತ್ತಿ ನಿಲ್ಲಿಸುವುದಿಲ್ಲ ಎಂಬುದು ವರ್ತಕರಿಗೆ ಹೊಸತಲ್ಲ. ನಮ್ಮಲ್ಲಿ 2025ರ ಸೆಪ್ಟೆಂಬರ್ 27ರಂದು ಲೋಕಾರ್ಪಣೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲಕ್ಕೆ ರೇಡಿಯೊ ಉಪಕರಣ ಒದಗಿಸಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ಅದರ ಕೇಂದ್ರಭಾಗದ ವ್ಯವಸ್ಥೆ ಸಿ-ಡಾಟ್‌ನದು.

ನಮ್ಮ ಸದಸ್ಯರು ಮುಖ್ಯವಾಗಿ ಯೋಚಿಸಬೇಕಾದುದು ಅಪಾಯದ ಬಗ್ಗೆ. ಇಂದು ಒಂದು ಪೆಟ್ಟಿಗೆ ಕೆಟ್ಟರೆ ಒಂದು ಟವರು ನಿಲ್ಲುತ್ತದೆ. ನಾಳೆ ಕೇಂದ್ರದ ಕೋಣೆಗೆ ವಿದ್ಯುತ್ ಹೋದರೆ ಅಥವಾ ಫೈಬರ್ ತುಂಡಾದರೆ ಒಂದು ತಾಲ್ಲೂಕೇ ಮೌನವಾಗಬಹುದು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಹರಿದುದನ್ನು ಮರೆಯುವಂತಿಲ್ಲ. ಕೇಂದ್ರ ಎತ್ತರದ ನೆಲದಲ್ಲಿರಬೇಕು. ಫೈಬರ್ ಎರಡು ಬೇರೆ ದಾರಿಗಳಲ್ಲಿ ಬರಬೇಕು. ಎರಡನೆಯ ದಾರಿ ಖರ್ಚಿನದಾದ್ದರಿಂದ ಕಂಪನಿಗಳು ತಾವಾಗಿ ಹಾಕಲು ಹಿಂಜರಿಯುವುದು ಸಹಜ. ಕೇಳುವವರು ನಾವೇ ಆಗಬೇಕು.

ಫೈಬರಿಗೆ ನೆರೆಗಿಂತ ಹೆಚ್ಚು ಕಾಟ ಜೆಸಿಬಿಯದು. ರಸ್ತೆ ಅಗಲೀಕರಣ, ನೀರಿನ ಪೈಪು, ಚರಂಡಿ, ಹೀಗೆ ಅಗೆತಕ್ಕೆ ಕೊನೆಯಿಲ್ಲ. ಅಗೆಯುವ ಮುನ್ನ ಕೇಬಲ್ ಮಾಲೀಕರಿಗೆ ತಿಳಿಸಲು 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಂದಿದೆ. ಮಾರ್ಗಾಧಿಕಾರದ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಗುತ್ತಿಗೆದಾರ ಸದಸ್ಯರು ಈ ಆ್ಯಪ್ ಬಳಸುವುದನ್ನು ರೂಢಿಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಲಾಭದ ಮಾತೂ ಇದೆ. ಬೇಸ್‌ಬ್ಯಾಂಡ್ ಯಂತ್ರ ಇಲ್ಲಿ ತಯಾರಾಗದಿರಬಹುದು. ಆದರೆ ಲೋಹದ ಪೆಟ್ಟಿಗೆ, ರ್‍ಯಾಕು, ಬ್ಯಾಟರಿ ಸ್ಟ್ಯಾಂಡು, ಅರ್ಥಿಂಗ್, ಸೌರಫಲಕದ ಚೌಕಟ್ಟು, ಫೈಬರ್ ಜೋಡಣೆ ಮತ್ತು ದುರಸ್ತಿ ಸ್ಥಳೀಯ ವರ್ಕ್‌ಶಾಪುಗಳ ಅಳವಿನಲ್ಲಿವೆ. ಸಕ್ಕರೆ ಕಾರ್ಖಾನೆಗಳಂತಹ ದೊಡ್ಡ ಘಟಕಗಳು ತಮ್ಮ ಆವರಣಕ್ಕೆ ಖಾಸಗಿ ಜಾಲ ಹೊಂದಲು ದೂರಸಂಪರ್ಕ ಇಲಾಖೆ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಇಂತಹ ಕಾಮಗಾರಿ ಬಂದಾಗ ಉಪಗುತ್ತಿಗೆ ಹೊರಗಿನವರ ಪಾಲಾಗದಿರಲು, ಐಟಿಐ ಮುಗಿಸಿದ ನಾಲ್ಕಾರು ಹುಡುಗರಿಗೆ ಫೈಬರ್ ಸ್ಪ್ಲೈಸಿಂಗ್ ತರಬೇತಿ ಕೊಡಿಸುವ ಕೆಲಸವನ್ನು ಈ ಹಂಗಾಮಿನಲ್ಲೇ ಆರಂಭಿಸಬಹುದು.